ಇಪ್ಪತ್ತೆರಡು ಮನೆಗೊಂದೇ ಬೀಗದ ಕೈ

ಮರಳೂರಿನ ನಮ್ಮ ಕ್ರಾಸಿನಲ್ಲಿ ಕಂಪ್ಯೂಟರ್ ಕಲಿತವರು ಮನೆಗಿಬ್ಬರಂತೆ ಸಿಗುತ್ತಾರೆ. ಆದರೆ ಕಲಿತದ್ದಕ್ಕೆ ಫ್ರೇಮು ಹಾಕಿಸಿ ಗೋಡೆಗೆ ತೂಗುಹಾಕಿದವರು ಒಬ್ಬರೇ. ಅವರೇ ನಮ್ಮ ಮನೆ ಮಾಲೀಕರಾದ ವೆಂಕಟೇಶಯ್ಯನವರು. ನಡುಮನೆಯಲ್ಲಿ ಅವರ ಮನೆದೇವರಾದ ಸೀಬಿ ನರಸಿಂಹಸ್ವಾಮಿಯ ಪಟದ ಪಕ್ಕದಲ್ಲಿ, ಅದೇ ಅಳತೆಯ ಫ್ರೇಮಿನೊಳಗೆ ಆ ಸರ್ಟಿಫಿಕೇಟು ಇದೆ. ತೊಂಬತ್ತೆಂಟನೇ ಇಸವಿಯಲ್ಲಿ, ಕೆಲಸದಲ್ಲಿದ್ದ ಸರ್ಕಾರಿ ಇಲಾಖೆಯವರು ಇವರನ್ನು ಹತ್ತು ದಿನದ ಕಂಪ್ಯೂಟರ್ ತರಬೇತಿಗೆ ಕಳಿಸಿದ್ದರು. ಹತ್ತರಲ್ಲಿ ನಾಲ್ಕು ದಿನ ಕರೆಂಟೇ ಇರಲಿಲ್ಲ ಎಂದು ಅವರ ಹೆಂಡತಿ ಕೌಸಲ್ಯಮ್ಮ ಹೇಳುತ್ತಾರೆ. ಉಳಿದ ಆರು ದಿನ ಕಲಿತದ್ದೇ ಜೀವಮಾನಕ್ಕೆ ಸಾಕಾಯಿತು ಎಂದು ವೆಂಕಟೇಶಯ್ಯನವರು ಹೇಳುತ್ತಾರೆ. ಮಂಗಳಾರತಿಯ ಹೊತ್ತಿಗೆ ಆರತಿ ತಟ್ಟೆ ಸ್ವಾಮಿಯನ್ನು ಬಿಟ್ಟು ಸ್ವಲ್ಪ ಪಕ್ಕಕ್ಕೂ ಹೋಗಿ ಬರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಾನು ಅವರ ಮಹಡಿ ಮೇಲಿನ ಬಾಡಿಗೆದಾರ. ಅಂತರಸನಹಳ್ಳಿಯ ಒಂದು ಫ್ಯಾಕ್ಟರಿಯ ಸ್ಟೋರಿನಲ್ಲಿ ಕೆಲಸ. ಮನೆ ಮಾಲೀಕರ ಭಕ್ತಿಯ ವಿಷಯದಲ್ಲಿ ತಲೆ ಹಾಕುವ ಅಭ್ಯಾಸ ನನಗಿಲ್ಲ.

ಅವರ ನಿಜವಾದ ಪ್ರತಾಪ ನೋಡಬೇಕಾದರೆ ಅವರ ನೆಂಟರ ಮನೆಯ ಯಾವುದಾದರೂ ಮುಂಜಿಗೋ ಸತ್ಯನಾರಾಯಣ ಪೂಜೆಗೋ ಹೋಗಬೇಕಿತ್ತು. ಅಲ್ಲಿ ಉಗ್ರಾಣದ ಬಾಗಿಲ ಪಕ್ಕದಲ್ಲಿ ಇವರಿಗೊಂದು ಕುರ್ಚಿ. ಹೊಸ ಫೋನು ಕೊಂಡವರೆಲ್ಲ ಡಬ್ಬಿಯ ಸಮೇತ ಸಾಲಾಗಿ ನಿಲ್ಲುತ್ತಿದ್ದರು. ಇವರು ಫೋನು ತೆಗೆದುಕೊಂಡು, ಪಂಚೆಯ ಅಂಚಿನಲ್ಲಿ ಒರೆಸಿ, ಹೆಸರು, ಹುಟ್ಟಿದ ತಾರೀಖು ಕೇಳಿ ಈಮೇಲು ತೆರೆಯುತ್ತಿದ್ದರು. ಒಂದೊಂದೇ ಅಕ್ಷರವನ್ನು ಬಾಯಲ್ಲಿ ಹೇಳಿಕೊಂಡೇ ಒತ್ತುವುದು ಅವರಿಗೆ ಟೈಪ್‌ರೈಟರ್ ಕಾಲದಿಂದ ಬಂದ ಅಭ್ಯಾಸ. ವಾಲಗದ ಸದ್ದಿನಲ್ಲಿ ಅದು ಯಾರಿಗೂ ಕೇಳಿಸುತ್ತಿರಲಿಲ್ಲ. ಪಾಸ್‌ವರ್ಡಿನ ಘಟ್ಟ ಬಂದಾಗ ಮಾತ್ರ ಹೆಗಲ ಮೇಲಿನ ಶಲ್ಯ ತೆಗೆದು ತಮಗೂ ಎದುರಿಗಿದ್ದವರಿಗೂ ಸೇರಿಸಿ ತಲೆಯ ಮೇಲೆ ಹೊದೆಸುತ್ತಿದ್ದರು. ಮುಂಜಿಯಲ್ಲಿ ವಟುವಿಗೆ ಗಾಯತ್ರಿ ಉಪದೇಶ ಮಾಡುವ ಹಾಗೆ, ಬಲಗಿವಿಯಲ್ಲಿ, ಮೂರು ಸಲ. ಶಲ್ಯ ತೆಗೆದ ಮೇಲೆ ಬೆರಳೆತ್ತಿ ಒಂದು ಮಾತು ಹೇಳುತ್ತಿದ್ದರು.

“ಇದು ನಿಮಗೆ ಅಂತ್ಲೇ ಮಾಡಿದ್ದು. ಯಾರಿಗೂ ಹೇಳ್ಬೇಡಿ. ಹೆಂಡ್ತಿಗೂ ಹೇಳ್ಬೇಡಿ.”

ಆರು ವರ್ಷದ ಹಿಂದೆ ನನಗೂ ಉಪದೇಶವಾಯಿತು. ಇಂಗ್ಲಿಷಿನಲ್ಲಿ ನರಸಿಂಹ, ಮೊದಲ ಅಕ್ಷರ ದೊಡ್ಡದು, ಆಮೇಲೆ ಈಮೇಲಿನಲ್ಲಿ ಬರುವ ಬಾಲ ಸುತ್ತಿಕೊಂಡ ಎ, ಆಮೇಲೆ ನೂರೆಂಟು. ನಮ್ಮ ಮನೆದೇವರು ಎಡೆಯೂರು ಸಿದ್ಧಲಿಂಗೇಶ್ವರ. ಆದರೂ ಫೋನಿನ ಮಟ್ಟಿಗೆ ನಾನು ಅಂದಿನಿಂದ ಸೀಬಿ ನರಸಿಂಹನ ಒಕ್ಕಲಾದೆ. ಕೊಟ್ಟ ಮಾತಿಗೆ ತಪ್ಪದೆ ನನ್ನ ಹೆಂಡತಿ ಶಶಿರೇಖಾಗೂ ಹೇಳಲಿಲ್ಲ. ಇಷ್ಟು ವರ್ಷದ ಸಂಸಾರದಲ್ಲಿ ನಾನು ಅವಳಿಂದ ಮುಚ್ಚಿಟ್ಟುಕೊಂಡದ್ದು ಅದೊಂದೇ, ಆ ಒಂದು ಗುಟ್ಟಿನ ಬಲದಿಂದ ಮನೆಯಲ್ಲಿ ಸ್ವಲ್ಪ ಎದೆಯುಬ್ಬಿಸಿ ಓಡಾಡುತ್ತಿದ್ದೆ.

ಇಂಥ ಮನೆಯ ಮೊಮ್ಮಗಳು ಅಪೇಕ್ಷಾ. ಅವಳ ಅಪ್ಪ ರಘುನಂದನ, ಅಮ್ಮ ಶ್ರೀರಂಜನಿ ಇಬ್ಬರೂ ಬೆಳಿಗ್ಗೆ ಎಂಟಕ್ಕೆ ಕೆಲಸಕ್ಕೆ ಹೊರಟರೆ ದೀಪ ಹಚ್ಚುವ ಹೊತ್ತಿಗೆ ಬರುವವರು. ಹೀಗಾಗಿ ಹುಡುಗಿ ಬೆಳೆದದ್ದು ತಾತನ ಮಡಿಲಿನಲ್ಲಿ ಮತ್ತು ತಾತನ ಸರ್ಟಿಫಿಕೇಟಿನ ಕೆಳಗೆ. ಅವಳು ಒಂಬತ್ತನೇ ಕ್ಲಾಸಿಗೆ ಬಂದ ವರ್ಷ ಸ್ಕೂಲಿನಲ್ಲಿ ಹೈಸ್ಕೂಲು ಮಕ್ಕಳಿಗೆಂದು ಪ್ರತಿ ಶನಿವಾರ ಕಂಪ್ಯೂಟರ್ ಸೈನ್ಸು ಮತ್ತು ಸೈಬರ್ ಸೆಕ್ಯುರಿಟಿ ತರಗತಿ ಶುರುಮಾಡಿದರು. ಕಲಿಸುವವರು ರವೀಶ್ ಅಂತ, ಅಮೃತೂರಿನ ಕಡೆಯ ಹುಡುಗ, ಎರಡು ಬಸ್ಸು ಬದಲಾಯಿಸಿ ಬರುತ್ತಿದ್ದರು. ಸುದ್ದಿ ತಿಳಿದ ದಿನ ವೆಂಕಟೇಶಯ್ಯನವರು ಕ್ರಾಸಿನ ಎರಡೂ ಕಡೆ ನಡೆದು ಹೋಗಿ, ಅಂತೂ ಸರ್ಕಾರದವರು ತೊಂಬತ್ತೆಂಟರಲ್ಲಿ ತಮ್ಮ ತಲೆಯಲ್ಲಿ ಬಿತ್ತಿದ್ದು ಈಗ ಫಲ ಕೊಡುತ್ತಿದೆ ಎಂದು ಹೇಳಿಬಂದರು. ಮೊಮ್ಮಗಳಿಗೆ ಅರ್ಥವಾಗದಿದ್ದದ್ದು ಏನಾದರೂ ಇದ್ದರೆ ತಾವೇ ಹೇಳಿಕೊಡುವುದಾಗಿ ರವೀಶರಿಗೆ ಚೀಟಿಯನ್ನೂ ಬರೆದು ಕಳಿಸಿದರು. ರವೀಶ್ ಅದಕ್ಕೆ ಥ್ಯಾಂಕ್ಸ್ ಎಂದು ಬರೆದು ಕಳಿಸಿದ ಮೇಲೆ ಇವರ ನಡಿಗೆಯೇ ಬದಲಾಯಿತು.

ಒಂದು ಶನಿವಾರ ಮಕ್ಕಳಿಗೆ ಒಂದು ಪ್ರಾಜೆಕ್ಟು ಕೊಟ್ಟರು. ಹತ್ತಿರದವರನ್ನೆಲ್ಲ ಮಾತಾಡಿಸಿ, ಅವರ ಪಾಸ್‌ವರ್ಡು ಕೇಳದೆ, ಅದನ್ನು ಆರಿಸಿದ್ದು ಯಾರು, ಹೇಗೆ ಆರಿಸಿದರು ಎನ್ನುವುದನ್ನು ಮಾತ್ರ ಬರೆದುಕೊಂಡು ಬರಬೇಕು. ಅಪೇಕ್ಷಾ ಒಂದು ವಾರ ಸಂಜೆಯೆಲ್ಲ ನೋಟ್‌ಬುಕ್ಕು ಹಿಡಿದು ಗುಬ್ಬಿ, ಕುಣಿಗಲ್, ತುಮಕೂರು ಅಂತ ನೆಂಟರಿಗೆಲ್ಲ ಫೋನು ಮಾಡಿದಳು. ಕೊನೆಗೆ ಮಹಡಿ ಹತ್ತಿ ನಮ್ಮ ಮನೆಗೂ ಬಂದಳು. ಶಶಿರೇಖಾ ನಲ್ಲಿಯ ಹತ್ತಿರ ಇದ್ದಾಳೆಂದು ಖಾತ್ರಿ ಮಾಡಿಕೊಂಡು ನಾನು ದನಿ ತಗ್ಗಿಸಿ, ನಿಮ್ಮ ತಾತನೇ ಕೊಟ್ಟದ್ದು, ಕಿವಿಯಲ್ಲಿ, ಎಂದೆ. ಹುಡುಗಿ ಬರೆದುಕೊಂಡಳು. ಬರೆದ ಮೇಲೆ ಎದ್ದು ಹೋಗಲಿಲ್ಲ.

“ನಿಮ್ಮದು ಇಪ್ಪತ್ತೆರಡನೇ ಮನೆ ಅಂಕಲ್. ಇಪ್ಪತ್ತೆರಡು ಜನಾನೂ ಇದನ್ನೇ ಹೇಳಿದ್ರು. ಗುಬ್ಬಿ ಅಜ್ಜಿ ಕೂಡ ದನಿ ತಗ್ಗಿಸಿದ್ರು. ಅವರು ದನಿ ತಗ್ಗಿಸಿದ್ದು ನಾನು ಇದೇ ಮೊದಲು ಕೇಳಿದ್ದು.”

ಆರು ವರ್ಷ ನಾನು ಪ್ರಾಣಕ್ಕಿಂತ ಹೆಚ್ಚಾಗಿ ಕಾಪಾಡಿದ್ದು ಪೂಜೆಯ ಪ್ರಸಾದದ ಹಾಗೆ ಊರಿಗೆಲ್ಲ ಹಂಚಿದ ಚರುಪಾಗಿರಬಹುದು ಎಂಬ ಅನುಮಾನ ಮೊದಲ ಸಲ ಬಂತು. ತಾತ ಎಲ್ಲರಿಗೂ ಒಂದನ್ನೇ ಕೊಟ್ಟಿದ್ದರೆ, ಒಂದು ಕಡೆ ಸೋರಿದಾಗ ಇಪ್ಪತ್ತೆರಡು ಮನೆಯದ್ದೂ ಸೋರಿದಂತೆ, ಈಮೇಲು ತೆಗೆದವನಿಗೆ ಮಿಕ್ಕಿದ್ದೆಲ್ಲ ತೆಗೆಯುವುದು ಸುಲಭ ಎಂದು ಅಪೇಕ್ಷಾ ವಿವರಿಸಿದಳು. ತಾತನ ಬೀಗ ಊಹೆಗೆ ಎಷ್ಟು ಸುಲಭವಾಗಿ ಸಿಗುತ್ತದೆ ಎನ್ನುವುದನ್ನೂ ಅವಳು ಪರೀಕ್ಷೆ ಮಾಡಬೇಕಿತ್ತು. ಕೇಳದೆ ಇನ್ನೊಬ್ಬರ ಬೀಗಕ್ಕೆ ಕೈ ಹಾಕಬಾರದು ಎನ್ನುವುದು ಅವರ ತರಗತಿಯ ಮೊದಲ ಪಾಠವಂತೆ. ಆದ್ದರಿಂದ ಮರುದಿನ ಬೆಳಿಗ್ಗೆ ತಾತನ ಎದುರು ನಿಂತು, ನಿಮ್ಮ ಪಾಸ್‌ವರ್ಡು ನಾನು ಊಹಿಸಿ ನೋಡಲೇ ಎಂದು ನೇರವಾಗಿ ಕೇಳಿದಳು. ಊಹೆ ಸರಿಯಾದರೂ ಒಳಗೆ ಏನೂ ಓದದೆ ಮುಚ್ಚುತ್ತೇನೆ ಎಂದೂ ಹೇಳಿದಳು.

ವೆಂಕಟೇಶಯ್ಯನವರು ಟವಲು ಹೆಗಲಿಗೆ ಹಾಕಿಕೊಂಡು ಸ್ನಾನಕ್ಕೆ ಹೊರಟಿದ್ದರು. ನಾನು ಬಾಡಿಗೆ ಮನೆಯ ನೀರಿನ ವಿಷಯ ಮಾತಾಡಲು ಅಲ್ಲೇ ನಿಂತಿದ್ದೆ. ಅವರು ನನ್ನ ಕಡೆ ನೋಡಿ ನಕ್ಕು, ನೀವೇ ಸಾಕ್ಷಿ ಎಂದರು. ತಾವು ಸ್ನಾನ ಮುಗಿಸಿ ಬರುವುದರೊಳಗೆ ಹುಡುಗಿ ಸೋತೆ ಎಂದು ಒಪ್ಪಿಕೊಳ್ಳಬೇಕು ಎಂದು ಷರತ್ತು ಹಾಕಿ ಒಳಗೆ ಹೋದರು. ಅಪೇಕ್ಷಾ ಲ್ಯಾಪ್‌ಟಾಪಿನಲ್ಲಿ ಒಂದು ಸಲ ಒತ್ತಿದಳು, ಎರಡು ಸಲ ಒತ್ತಿದಳು. ಬಚ್ಚಲಿನ ಚಿಲಕ ಬಿದ್ದ ಸದ್ದು ಕೇಳುವ ಹೊತ್ತಿಗೆ ಮೂರನೇ ಸಲ ಒತ್ತಿ, ತಟಕ್ಕನೆ ಮುಚ್ಚಿ, ಮುಖ ಸಪ್ಪೆ ಮಾಡಿ ಕೂತಳು. ಗೆದ್ದವರು ಅಷ್ಟು ಸಪ್ಪಗೆ ಕೂತದ್ದನ್ನು ನಾನು ನೋಡಿರಲಿಲ್ಲ.

ಸ್ನಾನ ಮುಗಿಸಿ ಬಂದ ವೆಂಕಟೇಶಯ್ಯನವರು ಆ ಮುಖ ನೋಡಿದರು. ಆಗಲಿಲ್ಲವೇ ಪುಟ್ಟಿ ಎಂದು ಕನಿಕರದಿಂದ ಕೇಳಿದರು. ಉತ್ತರಕ್ಕೆ ಕಾಯುವುದು ಅವರ ಪದ್ಧತಿಯಲ್ಲ. ದೇವರ ಮನೆಯ ಕಡೆ ಹೊರಟವರ ಬೆನ್ನಿಗೆ ಹುಡುಗಿ, ಪ್ರಾಜೆಕ್ಟಿನಲ್ಲಿ ಬರೆಯುತ್ತೇನೆ ತಾತ ಎಂದಳು. ಅಷ್ಟೇ ಸಾಕಾಯಿತು. ತಮ್ಮ ಬೀಗ ತೆಗೆಯಲಾಗದೆ ಮೊಮ್ಮಗಳು ಸೋತದ್ದು, ಆ ಸೋಲನ್ನು ಧಾರಾಳವಾಗಿ ಪ್ರಾಜೆಕ್ಟಿನಲ್ಲಿ ಬರೆಯಲು ಒಪ್ಪಿದ್ದು, ಎರಡೂ ಸಂಧ್ಯಾವಂದನೆ ಮುಗಿಯುವುದರೊಳಗೆ ಅವರ ಮನಸ್ಸಿನಲ್ಲಿ ಶಿಲಾಶಾಸನವಾದವು.

ಮುಂದಿನ ವಾರ ರವೀಶರ ಫೋನು ಬಂತು. ಸ್ಕೂಲಿನಲ್ಲಿ ಶನಿವಾರ ಒಂದು ಕಾರ್ಯಕ್ರಮವಿದೆ, ಪೊಲೀಸ್ ಇನ್‌ಸ್ಪೆಕ್ಟರೊಬ್ಬರು ಮುಖ್ಯ ಅತಿಥಿ, ಚೆನ್ನಾಗಿ ಬಂದ ಒಂದು ಪ್ರಾಜೆಕ್ಟನ್ನು ರಾಜ್ಯಮಟ್ಟಕ್ಕೆ ಕಳಿಸುತ್ತಾರೆ, ಅಪೇಕ್ಷಾಳದ್ದೇ ಎಲ್ಲಕ್ಕಿಂತ ಚೆನ್ನಾಗಿದೆ ಎಂದರು. ಆಮೇಲೆ ಸ್ವಲ್ಪ ಸಂಕೋಚದಿಂದ ಹೇಳಿದರು.

“ಸರ್, ಇಡೀ ಪ್ರಾಜೆಕ್ಟು ನಿಮ್ಮ ಮೇಲೇ ನಿಂತೈತೆ. ತಾವು ಬರ್ಲೇಬೇಕು. ಆಮೇಲೆ ಬೇಜಾರು ಮಾತ್ರ ಮಾಡ್ಕೋಬಾರ್ದು.”

ಇದನ್ನು ಕೇಳಿದ ಬೇರೆ ಯಾರಾದರೂ ಯಾಕೆ ಬೇಜಾರು ಎಂದು ಕೇಳುತ್ತಿದ್ದರು. ವೆಂಕಟೇಶಯ್ಯನವರು ಫೋನಿಟ್ಟು, ಪಾಪ, ಸ್ಕೂಲಿನವರ ಹತ್ತಿರ ಒಳ್ಳೆಯ ಶಾಲು ಇಲ್ಲವೆಂದು ಕಾಣುತ್ತದೆ, ಸನ್ಮಾನ ಸರಳವಾಗಿರುತ್ತದೆ ಎಂದು ಮೊದಲೇ ಕ್ಷಮೆ ಕೇಳುತ್ತಿದ್ದಾರೆ ಎಂದರು. ಅದೇ ಸಂಜೆ ಜರಿ ಅಂಚಿನ ಒಂದು ಶಾಲನ್ನು ತಾವೇ ತಂದು, ಕವರಿನಲ್ಲಿ ಹಾಕಿಟ್ಟರು. ಸ್ಕೂಲಿನವರಿಗೆ ಮುಜುಗರವಾಗದಂತೆ ಸಮಯಕ್ಕೆ ಸರಿಯಾಗಿ ರವೀಶರ ಕೈಗೆ ತಲುಪಿಸುವುದು ಅವರ ಆಲೋಚನೆಯಾಗಿತ್ತು. ತಮಗೆ ಹೊದೆಸಬೇಕಾದ ಶಾಲನ್ನು ತಾವೇ ಆರಿಸಿಕೊಳ್ಳುವ ಅದೃಷ್ಟ ಎಷ್ಟು ಜನರಿಗಿದೆ ಎಂದು ನನ್ನನ್ನು ಕೇಳಿದರು. ಬಹಳ ಕಡಿಮೆ ಜನರಿಗೆ ಎಂದೆ.

ಮಾರನೇ ದಿನ ಅವರ ಬಂಧುಗಳ ವಾಟ್ಸಾಪ್ ಗುಂಪಿನಲ್ಲಿ ಸುದ್ದಿ ಬಿತ್ತು. ಕಂಪ್ಯೂಟರ್ ಕ್ಷೇತ್ರದ ಸೇವೆಗಾಗಿ ಶ್ರೀ ವೆಂಕಟೇಶಯ್ಯನವರಿಗೆ ಸನ್ಮಾನ, ಎಲ್ಲರೂ ಸಕುಟುಂಬ ಬರಬೇಕು, ಬರೆದವರು ವೆಂಕಟೇಶಯ್ಯ. ಗುಬ್ಬಿಯಿಂದ ಅವರ ಅಕ್ಕ ಮಹಾಲಕ್ಷ್ಮಮ್ಮ ಆಗಲೇ ಒಂದು ಟೆಂಪೋ ಗೊತ್ತುಮಾಡಿದರು. ಅವರಿಗೆ ಎಪ್ಪತ್ತೆಂಟು ವರ್ಷ, ತಮ್ಮನಿಗೆ ಶಾಲು ಹೊದೆಸುವುದನ್ನು ನೋಡದೆ ಸಾಯುವುದಿಲ್ಲ ಎಂದು ಹಠ. ಕುಣಿಗಲ್‌ನಿಂದ ಷಡ್ಡಕ ವಿಜಯೀಂದ್ರ ಫೋನು ಮಾಡಿ, ಸನ್ಮಾನ ಪತ್ರ ಇದೆಯೋ ಬರೀ ಶಾಲೋ, ಪೇಟ ಇದೆಯೋ ಇಲ್ಲವೋ ಎಂದೆಲ್ಲ ವಿಚಾರಿಸಿದರು. ಆತ ಕುಣಿಗಲ್‌ನಲ್ಲಿ ಜೆರಾಕ್ಸ್ ಅಂಗಡಿ ಇಟ್ಟುಕೊಂಡವರು, ಕಂಪ್ಯೂಟರ್ ತಮ್ಮ ಅಂಗಡಿಯಲ್ಲೂ ಒಂದು ಇದೆ ಎಂಬ ಬಿಂಕ ಅವರಿಗೆ. ಹಿಂದೊಮ್ಮೆ ಇವರಿಂದಲೇ ಶಲ್ಯದ ಕೆಳಗೆ ಉಪದೇಶ ತೆಗೆದುಕೊಂಡಿದ್ದರೂ, ಊರು ಸೇರಿದ ತಕ್ಷಣ ಅದನ್ನು ಬದಲಾಯಿಸಿ ತಮ್ಮದೇ ಸ್ವಂತದ್ದು ಇಟ್ಟುಕೊಂಡೆ ಎಂದು ಎಲ್ಲ ಮದುವೆ ಮನೆಯಲ್ಲೂ ಹೇಳುತ್ತಿದ್ದರು. ಅವರೂ ಬರುವುದಾಗಿ ಒಪ್ಪಿಕೊಂಡರು, ಹೊಟ್ಟೆಯುರಿಯನ್ನು ಕಣ್ಣಾರೆ ನೋಡಿಕೊಂಡೇ ಅನುಭವಿಸುವುದು ಒಳ್ಳೆಯದಲ್ಲವೇ.

ಅಪೇಕ್ಷಾ ತಾತನಿಗೆ ನಿಜ ಹೇಳಲು ಪ್ರಯತ್ನಿಸಲಿಲ್ಲ ಎಂದು ಯಾರೂ ಅನ್ನುವ ಹಾಗಿಲ್ಲ. ಕಾಫಿಯ ಹೊತ್ತಿನಲ್ಲಿ ಒಂದು ಸಲ, ವಾಕಿಂಗಿನ ಹೊತ್ತಿನಲ್ಲಿ ಒಂದು ಸಲ ಶುರುಮಾಡಿದಳು. ತಾತ, ಆ ಪ್ರಾಜೆಕ್ಟಿನಲ್ಲಿ ನಿಮ್ಮ ಬಗ್ಗೆ, ಎನ್ನುವಷ್ಟರಲ್ಲೇ ಅವರು ಕೈಯೆತ್ತಿ ತಡೆದು, ಹೊಗಳಿಕೆ ಹೆಚ್ಚಾಗುವುದು ಬೇಡ, ಒಂದು ಮಟ್ಟದಲ್ಲಿರಲಿ ಎಂದುಬಿಟ್ಟರು. ಹುಡುಗಿ ಅಜ್ಜಿಯ ಮೊರೆ ಹೋದಳು. ಕೌಸಲ್ಯಮ್ಮ ಹುರುಳೀಕಾಯಿ ನಾರು ತೆಗೆಯುತ್ತ ಪೂರ್ತಿ ಕೇಳಿ, ಮೊದಲು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

“ನಿಮ್ಮ ತಾತನಿಗೆ ಒಂದು ಮಾತು ಹೇಳ್ಬೇಕು ಅಂತ ನಾನು ನಲವತ್ತೈದು ವರ್ಷದಿಂದ ಕಾಯ್ತಾ ಇದೀನಿ ಕಣೇ. ನೀನು ಒಂದೇ ವಾರದಲ್ಲಿ ಆಗ್ಬೇಕು ಅಂತೀಯ.”

ಶುಕ್ರವಾರ ಸಂಜೆ ಅಪೇಕ್ಷಾ ಮಹಡಿ ಹತ್ತಿ ಬಂದು ನಮ್ಮ ಮೆಟ್ಟಿಲ ಮೇಲೆ ಕೂತಳು. ಪ್ರಾಜೆಕ್ಟು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ ಎಂದು ಸರ್‌ಗೆ ಹೇಳಿದ್ದಳಂತೆ. ಅವರು, ನಿನ್ನ ಇಷ್ಟ, ಆದರೆ ಹಿಂದಕ್ಕೆ ತೆಗೆದುಕೊಂಡರೂ ಆ ಇಪ್ಪತ್ತೆರಡು ಮನೆಯ ಬೀಗ ಹಾಗೇ ಇರುತ್ತದೆ ಎಂದರಂತೆ. ಹೇಳಿದರೆ ತಾತ ನೆಂಟರ ಮುಂದೆ ತಲೆ ತಗ್ಗಿಸಬೇಕಾಗುತ್ತದೆ, ಹೇಳದಿದ್ದರೆ ಅವರನ್ನೆಲ್ಲ ಹಾಗೇ ಬಿಟ್ಟಂತೆ ಎಂದು ಹೇಳುತ್ತ ಹುಡುಗಿ ಉಗುರು ಕಚ್ಚುತ್ತಿದ್ದಳು. ಹೆಸರು ಹೇಳದೆ ಹೇಳಿಬಿಡು, ಯಾರಿಗೂ ಗೊತ್ತಾಗುವುದಿಲ್ಲ ಎಂದು ನಾನು ಸಲಹೆ ಕೊಟ್ಟೆ. ನಾನು ಈವರೆಗೆ ಕೊಟ್ಟ ಸಲಹೆಗಳಲ್ಲಿ ಇದೇ ಬಹಳ ಬುದ್ಧಿವಂತಿಕೆಯದು ಎಂದು ಮಾರನೇ ದಿನ ಹನ್ನೊಂದು ಗಂಟೆಯವರೆಗೂ ನಂಬಿದ್ದೆ.

ಶನಿವಾರ ಸ್ಕೂಲಿನ ಸಭಾಂಗಣದಲ್ಲಿ ಎರಡನೇ ಸಾಲಿನಿಂದ ಐದನೇ ಸಾಲಿನವರೆಗೆ ವೆಂಕಟೇಶಯ್ಯನವರ ಬಳಗವೇ ತುಂಬಿತ್ತು. ಬೇರೆ ಮಕ್ಕಳ ಅಪ್ಪ ಅಮ್ಮಂದಿರು ಇದು ಯಾವುದೋ ಮದುವೆಯ ದಿಬ್ಬಣವೆಂದು ತಿಳಿದು ಹಿಂದಿನ ಸಾಲಿಗೆ ಹೋಗಿ ಕೂತಿದ್ದರು. ಮಹಾಲಕ್ಷ್ಮಮ್ಮ ಹನ್ನೊಂದು ಜನರ ಜೊತೆ ಒಂದು ಚಕ್ಕುಲಿ ಡಬ್ಬಿಯನ್ನೂ ಇಳಿಸಿದ್ದರು. ವಿಜಯೀಂದ್ರ ಮುಖ ಗಂಟುಹಾಕಿಕೊಂಡು ವೇದಿಕೆಯ ಮೇಲೆ ಪೇಟ ಎಲ್ಲಾದರೂ ಕಾಣುತ್ತದೆಯೇ ಎಂದು ನೋಡುತ್ತಿದ್ದರು. ವೆಂಕಟೇಶಯ್ಯನವರು ಇಸ್ತ್ರಿ ಮಾಡಿದ ಪಂಚೆ ಉಟ್ಟು ಬಾಗಿಲಲ್ಲೇ ರವೀಶರನ್ನು ಹಿಡಿದು ಕವರನ್ನು ಕೈಗಿಟ್ಟರು. ಸಮಯಕ್ಕೆ ಬೇಕಾಗುತ್ತದೆ, ಇಟ್ಟುಕೊಂಡಿರಿ ಎಂದರು. ಆ ಮನುಷ್ಯ ಏನು, ಯಾಕೆ ಎಂದು ತಿಳಿಯದೆ ಕಾರ್ಯಕ್ರಮ ಪೂರ್ತಿ ಆ ಕವರನ್ನು ಕೂಸಿನ ಹಾಗೆ ಎದೆಗೆ ಅವಚಿಕೊಂಡೇ ಓಡಾಡಿದರು.

ಮುಖ್ಯ ಅತಿಥಿಯಾಗಿ ಬಂದವರು ಇನ್‌ಸ್ಪೆಕ್ಟರ್ ಸರ್ವಮಂಗಳಮ್ಮ. ಬೇರೆ ಮಕ್ಕಳು ಅದೂ ಇದೂ ಮಾಡಿ ತೋರಿಸಿದ ಮೇಲೆ ಅಪೇಕ್ಷಾಳ ಸರದಿ ಬಂತು. ಪರದೆಯ ಮೇಲೆ ನಡುವೆ ಒಂದು ಸೊನ್ನೆ, ಅದರ ಸುತ್ತ ಇಪ್ಪತ್ತೆರಡು ಸಣ್ಣ ಸೊನ್ನೆಗಳ ಚಿತ್ರ ಮೂಡಿತು. ಹುಡುಗಿ ಮೊದಲು ಸಣ್ಣ ದನಿಯಲ್ಲಿ ಶುರುಮಾಡಿ ಬರಬರುತ್ತ ಗಟ್ಟಿಯಾದಳು. ಒಂದು ಮನೆತನವಿದೆ, ಅದರ ಹಿರಿಯರೊಬ್ಬರು ಎಲ್ಲರಿಗೂ ಪ್ರೀತಿಯಿಂದ ಬೀಗ ಹಾಕಿಕೊಟ್ಟಿದ್ದಾರೆ, ಆದರೆ ಅಷ್ಟು ಬೀಗಕ್ಕೂ ಕೈ ಒಂದೇ ಎಂದಳು. ಮನೆದೇವರ ಹೆಸರು, ಶುಭದ ಅಂಕಿ, ಇಂಥವನ್ನು ಆ ಮನೆಯ ಮದುವೆ ಪತ್ರಿಕೆ ಓದಿದವರು ಯಾರು ಬೇಕಾದರೂ ಊಹಿಸಬಹುದು ಎಂದಳು. ಆ ಹಿರಿಯರ ಒಪ್ಪಿಗೆ ಪಡೆದು ತಾನು ಊಹಿಸಿ ನೋಡಿದ್ದನ್ನೂ, ಎಷ್ಟು ಬೇಗ ಸಿಕ್ಕಿತು ಎನ್ನುವುದನ್ನೂ ಹೇಳಿದಳು. ಯಾವ ಹೆಸರೂ ಬರಲಿಲ್ಲ. ಎರಡನೇ ಸಾಲಿನಲ್ಲಿ ವೆಂಕಟೇಶಯ್ಯನವರು, ಯಾವುದೋ ಪೆದ್ದು ಮನೆತನದ ಕಥೆ ಮೊದಲು ಹೇಳಿ ಆಮೇಲೆ ತಮ್ಮ ವಿಷಯಕ್ಕೆ ಬರುತ್ತಾಳೆ ಎಂದು ನನಗೆ ಪಿಸುಗುಟ್ಟಿದರು. ಆ ಮನೆತನಕ್ಕಾಗಿ ಅವರು ಎರಡು ಸಲ ಲೊಚಗುಟ್ಟಿದರು ಕೂಡ.

ಇನ್‌ಸ್ಪೆಕ್ಟರ್ ಸರ್ವಮಂಗಳಮ್ಮನವರು ಕನ್ನಡಕ ಸರಿಮಾಡಿಕೊಂಡು, ಇದು ನಿಜವಾಗಿ ಇರುವ ಮನೆತನವೋ ಪ್ರಾಜೆಕ್ಟಿಗೆಂದು ಕಟ್ಟಿದ್ದೋ, ತಮ್ಮ ಸರ್ವೀಸಿನಲ್ಲೇ ಇಂಥದ್ದು ಕಂಡಿಲ್ಲವಲ್ಲ ಎಂದು ಕೇಳಿದರು. ಅಪೇಕ್ಷಾ ಬಾಯಿ ತೆರೆದಳು, ಮುಚ್ಚಿದಳು. ಹೌದೆಂದರೆ ಯಾರು ಎಂಬ ಪ್ರಶ್ನೆ ಬರುತ್ತದೆ, ಇಲ್ಲವೆಂದರೆ ಸುಳ್ಳಾಗುತ್ತದೆ. ಹುಡುಗಿ ಸುಮ್ಮನೆ ನಿಂತದ್ದನ್ನು ಮೂರನೇ ಸಾಲಿನಲ್ಲಿದ್ದ ಮಹಾಲಕ್ಷ್ಮಮ್ಮನವರಿಂದ ನೋಡಲಾಗಲಿಲ್ಲ. ತಮ್ಮ ಮನೆಯ ಕೂಸಿನ ಮಾತನ್ನು ಪೊಲೀಸಿನವರು ಅನುಮಾನಿಸುವುದೆಂದರೆ ಏನು. ಅವರು ಎದ್ದು ನಿಂತರು, ಅಲ್ಲಿದ್ದ ಹುಡುಗನೊಬ್ಬ ಗೌರವದಿಂದ ಅವರ ಬಾಯಿಯ ಹತ್ತಿರ ಮೈಕು ಹಿಡಿದ.

“ನಮ್ಮ ಮಗು ಸುಳ್ಳು ಹೇಳಲ್ಲಮ್ಮ. ಬೇರೆಯವ್ರದ್ದು ನಂಗೊತ್ತಿಲ್ಲ, ನಂದಂತೂ ದೇವರ ಹೆಸರೇ. ನರಸಿಂಹ, ಆಮೇಲೆ ಬಾಲ ಸುತ್ಕೊಂಡಿರೋ ಎ, ಆಮೇಲೆ ನೂರೆಂಟು. ಬೇಕಾದ್ರೆ ಒತ್ತಿ ನೋಡಿ.”

ಸಭಾಂಗಣದ ನಾಲ್ಕೂ ಮೂಲೆಯ ಸ್ಪೀಕರುಗಳು ಅದನ್ನು ಸ್ಪಷ್ಟವಾಗಿ ಹೇಳಿದವು. ಮೊದಲು ಎದ್ದವರು ವಿಜಯೀಂದ್ರ. ಊರಿಗೆ ಹೋದ ತಕ್ಷಣ ಬದಲಾಯಿಸಿದೆ ಎಂದು ಹದಿನಾಲ್ಕು ವರ್ಷ ಹೇಳಿಕೊಂಡು ತಿರುಗಿದ್ದ ಮನುಷ್ಯ.

“ಅಕ್ಕಾ, ಅದು ನಂದು,” ಎಂದರು.

ಆಮೇಲೆ ಕಟ್ಟೆ ಒಡೆಯಿತು. ನಂದೂ ಅದೇ, ನಿಮಗ್ಹೇಗೆ ಗೊತ್ತಾಯಿತು, ನನಗೆ ಮಾತ್ರ ಅಂತ ಹೇಳಿದ್ದರಲ್ಲ ಎಂದು ನಾಲ್ಕು ಸಾಲೂ ಎದ್ದು ಒಬ್ಬರನ್ನೊಬ್ಬರು ಕೇಳತೊಡಗಿದರು. ಅಣ್ಣ ತಮ್ಮನಿಂದ, ಅತ್ತೆ ಸೊಸೆಯಿಂದ ಇಷ್ಟು ವರ್ಷ ಮುಚ್ಚಿಟ್ಟದ್ದು ಒಂದೇ ಮಾತು. ಅಂಥ ನಿಷ್ಠೆಯ ಮನೆತನವನ್ನು ನಾನು ಬೇರೆ ಕಂಡಿಲ್ಲ, ಒಬ್ಬರೂ ಒಬ್ಬರಿಗೂ ಬಾಯಿ ಬಿಟ್ಟಿರಲಿಲ್ಲ. ಶಶಿರೇಖಾ ನನ್ನ ತೋಳು ಚಿವುಟಿ, ನಿಮ್ಮದೂ ಅದೇನಾ ಎಂದಳು. ನಿನಗೆ ಯಾವಾಗ ಹೇಳಿದರು ಎಂದೆ. ನಿಮಗಿಂತ ಒಂದು ವಾರ ಮೊದಲು ಎಂದಳು. ನನ್ನ ಎದೆ ಯಥಾಸ್ಥಿತಿಗೆ ಇಳಿಯಿತು. ಹಿಂದಿನ ಸಾಲಿನ ಅಪ್ಪ ಅಮ್ಮಂದಿರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ನಗದೆ ಇದ್ದವರು ಇಬ್ಬರೇ. ವೇದಿಕೆಯ ಮೇಲೆ ಅಪೇಕ್ಷಾ, ಕೈಯಲ್ಲಿದ್ದ ಮೈಕು ಕೆಳಗಿಳಿದಿತ್ತು, ಕಣ್ಣು ತಾತನ ಮೇಲೆ ನೆಟ್ಟಿತ್ತು. ನನ್ನ ಪಕ್ಕದಲ್ಲಿ ವೆಂಕಟೇಶಯ್ಯನವರು. ಅವರು ಪರದೆಯ ಮೇಲಿನ ನಡುವಿನ ಸೊನ್ನೆಯನ್ನು ನೋಡಿದರು, ಸುತ್ತಲಿನ ಸಣ್ಣ ಸೊನ್ನೆಗಳನ್ನು ಬೆರಳಿನಲ್ಲಿ ಎಣಿಸಿದರು, ತಮ್ಮ ಬಳಗವನ್ನು ತಿರುಗಿ ನೋಡಿದರು. ಆ ಮುಖದಲ್ಲಿ ತೊಂಬತ್ತೆಂಟನೇ ಇಸವಿಯಿಂದ ಇದ್ದ ಒಂದು ಬೆಳಕು ಆರಿಹೋಯಿತು. ನನಗೆ ನಿಜವಾಗಿ ಸಂಕಟವಾಯಿತು. ಅವರನ್ನು ಕರೆದುಕೊಂಡು ಹಿಂದಿನ ಬಾಗಿಲಿನಿಂದ ಹೊರಟುಬಿಡೋಣ ಎಂದು ಕೈ ಹಿಡಿದೆ. ಅವರು ಕೈ ಬಿಡಿಸಿಕೊಂಡು ಎದ್ದು ನಿಂತರು. ಗಲಾಟೆ ತಾನಾಗಿ ಅಡಗಿತು.

“ಪುಟ್ಟಿ, ಎಷ್ಟನೇ ಸಲಕ್ಕೆ ಸಿಕ್ತು ಅಂದೆ?”

“ಮೂರನೇ ಸಲಕ್ಕೆ, ತಾತ.”

“ನಾನು ಸ್ನಾನ ಮುಗಿಸೋದ್ರೊಳಗಾ?”

“ನೀವು ಚಿಲಕ ಹಾಕೋದ್ರೊಳಗೆ.”

ವೆಂಕಟೇಶಯ್ಯನವರು ತಲೆಯಾಡಿಸಿದರು. ಒಂದು ಸಲ, ಇನ್ನೊಂದು ಸಲ. ಮೂರನೇ ಸಲ ತಲೆಯಾಡಿಸುವಾಗ ಅವರ ಮೀಸೆಯ ತುದಿ ಮೇಲೇಳುತ್ತಿರುವುದು ನನಗೆ ಕಾಣಿಸಿತು. ಆಮೇಲೆ ಮುಂದೆ ನಡೆದು, ವೇದಿಕೆಯ ಮೆಟ್ಟಿಲ ಹತ್ತಿರ ನಿಂತು, ಸಭೆಯ ಕಡೆ ತಿರುಗಿದರು.

“ಆ ಚಿತ್ರದಲ್ಲಿ ನಡುವೆ ಇರೋ ಸೊನ್ನೆ ನಾನು. ಬೀಗ ಹಾಕ್ದೋನೂ ನಾನೇ, ತಪ್ಪಾಗಿ ಹಾಕ್ದೋನೂ ನಾನೇ. ಹದಿನಾಲ್ಕು ವರ್ಷದಿಂದ ಇಷ್ಟು ಜನದಲ್ಲಿ ಒಬ್ರಿಗೂ ತೆಗ್ಯೋಕೆ ಆಗಿರ್ಲಿಲ್ಲ. ತೆಗ್ದೋಳು ನನ್ನ ಮೊಮ್ಮಗಳು. ಕೇಳಿ, ಒಪ್ಪಿಗೆ ತಗೊಂಡು ತೆಗ್ದಿದಾಳೆ. ಸನ್ಮಾನ ಇದೆ ಅಂತ ನಿಮ್ಮನ್ನೆಲ್ಲ ಕರ್ದಿದ್ದೆ. ಇದೆ. ರವೀಶ್, ಆ ಕವರ್ ತನ್ನಿ.”

ರವೀಶರಿಗೆ ಆಗಲೂ ಪೂರ್ತಿ ತಿಳಿಯಲಿಲ್ಲ. ಆದರೂ ಓಡಿಬಂದು ಕವರು ಬಿಚ್ಚಿದರು. ಜರಿ ಅಂಚಿನ ಶಾಲು ಹದಿನಾಲ್ಕು ವರ್ಷದ ಹುಡುಗಿಗೆ ಮೊಳಕಾಲಿನವರೆಗೂ ಬಂತು. ಅಪೇಕ್ಷಾ ಶಾಲಿನ ಸಮೇತ ತಾತನ ಕುತ್ತಿಗೆಗೆ ಜೋತುಬಿದ್ದು ಅತ್ತಳು. ಮಹಾಲಕ್ಷ್ಮಮ್ಮ, ಶಾಲು ಹೊದೆಸುವುದನ್ನು ನೋಡಿದ್ದಾಯಿತು, ಯಾರಿಗಾದರೇನು ಎಂದು ಕಣ್ಣೊರೆಸಿಕೊಂಡು ಚಕ್ಕುಲಿ ಡಬ್ಬಿಯ ಮುಚ್ಚಳ ತೆಗೆದರು. ವಿಜಯೀಂದ್ರರೇ ಮೊದಲು ಚಪ್ಪಾಳೆ ತಟ್ಟಿದರು ಎಂದು ನಾನು ದಾಖಲಿಸದಿದ್ದರೆ ತಪ್ಪಾಗುತ್ತದೆ.

ಹಾಗೇ ಮನೆಗೆ ಹೋಗಲು ಅಪೇಕ್ಷಾ ಯಾರನ್ನೂ ಬಿಡಲಿಲ್ಲ. ಮೂಗು ಒರೆಸಿಕೊಂಡು ಮೈಕು ಹಿಡಿದು, ಈಗ ಊರಿಗೆಲ್ಲ ಗೊತ್ತಾಗಿದೆ, ಎಲ್ಲರೂ ಇಲ್ಲೇ ಬದಲಾಯಿಸಬೇಕು, ಯಾರೂ ಯಾರಿಗೂ ಹೇಳಿಕೊಡಬಾರದು, ತಮ್ಮದನ್ನು ತಾವೇ ಆರಿಸಬೇಕು ಎಂದಳು. ಸಂಬಂಧವಿಲ್ಲದ ನಾಲ್ಕು ಪದ ಜೋಡಿಸಿದರೂ ಸಾಕು, ದೇವರನ್ನೂ ಹುಟ್ಟಿದ ದಿನವನ್ನೂ ಬಿಟ್ಟುಬಿಡಿ ಎಂದಳು. ಒಂಬತ್ತನೇ ಕ್ಲಾಸಿನ ಮಕ್ಕಳೆಲ್ಲ ಸಾಲುಗಳ ನಡುವೆ ನುಗ್ಗಿ ಎಲ್ಲಿ ಒತ್ತಬೇಕು ಎನ್ನುವುದನ್ನು ತೋರಿಸಿ ಬೆನ್ನು ತಿರುಗಿಸಿ ನಿಂತರು. ಗುಬ್ಬಿಯವರೂ ಕುಣಿಗಲ್‌ನವರೂ ಹೋಂವರ್ಕು ಬರೆಯದೆ ಸಿಕ್ಕಿಬಿದ್ದ ಮಕ್ಕಳ ಹಾಗೆ ಸಭಾಂಗಣದ ಸುತ್ತ ಗೋಡೆಗೆ ಮುಖಮಾಡಿ ನಿಂತು, ಫೋನನ್ನು ಎದೆಗೆ ಒತ್ತಿಕೊಂಡು ಯೋಚಿಸತೊಡಗಿದರು. ಮಹಾಲಕ್ಷ್ಮಮ್ಮನವರಿಗೆ ಅರ್ಧ ಗಂಟೆ ಹಿಡಿಯಿತು, ಆದರೆ ಒಬ್ಬರ ಸಹಾಯವನ್ನೂ ಕೇಳಲಿಲ್ಲ. ಹೊರಡುವ ಮುಂಚೆ ಇನ್‌ಸ್ಪೆಕ್ಟರ್ ಸರ್ವಮಂಗಳಮ್ಮನವರೂ ಕಿಟಕಿಯ ಹತ್ತಿರದ ಒಂದು ಗೋಡೆ ಆರಿಸಿಕೊಂಡು ಎರಡು ನಿಮಿಷ ಮುಖಮಾಡಿ ನಿಂತಿದ್ದನ್ನು ನಾನು ನೋಡಿದೆ. ಅದನ್ನು ಯಾರಿಗೂ ಹೇಳಿಲ್ಲ.

ಪ್ರಾಜೆಕ್ಟು ರಾಜ್ಯಮಟ್ಟಕ್ಕೆ ಹೋಯಿತು, ಎರಡನೇ ಬಹುಮಾನ ತಂತು. ವೆಂಕಟೇಶಯ್ಯನವರ ನಡುಮನೆಯಲ್ಲಿ ಈಗ ಒಂದೇ ಅಳತೆಯ ಮೂರು ಫ್ರೇಮುಗಳಿವೆ, ನಡುವೆ ಇರುವುದು ಅಪೇಕ್ಷಾಳದ್ದು. ತಮ್ಮ ತೊಂಬತ್ತೆಂಟರದ್ದನ್ನು ಅವರೇ ಬಾಗಿಲ ಕಡೆಗೆ ಸರಿಸಿದರು. ಆರತಿ ಮುಗಿಯಲು ಮೊದಲಿಗಿಂತ ಹೆಚ್ಚು ಹೊತ್ತು ಬೇಕು. ಮುಂಜಿ ಮದುವೆಗಳಲ್ಲಿ ಉಗ್ರಾಣದ ಪಕ್ಕದ ಕುರ್ಚಿ ಮೊಮ್ಮಗಳಿಗೆ ಬಿಟ್ಟುಕೊಟ್ಟಿದ್ದಾರೆ. ಅವಳು ಯಾರಿಗೂ ಪಾಸ್‌ವರ್ಡು ಕೊಡುವುದಿಲ್ಲ, ಮಾಡಿಕೊಳ್ಳುವುದು ಹೇಗೆಂದು ಮಾತ್ರ ಹೇಳುತ್ತಾಳೆ. ಆ ಹೊತ್ತಿನಲ್ಲಿ ಶಲ್ಯವನ್ನು ಎರಡು ಕೈಯಲ್ಲಿ ಪರದೆಯ ಹಾಗೆ ಹಿಡಿದು, ಬಗ್ಗಿ ನೋಡಲು ಬಂದವರನ್ನೆಲ್ಲ ಗದರಿಸಿ ಓಡಿಸುವುದು ವೆಂಕಟೇಶಯ್ಯನವರ ಕೆಲಸ. ಆ ಹುಡುಗಿ ನನ್ನ ಬೀಗವನ್ನೇ ಒಡೆದವಳು ಎಂದು ಗೊತ್ತಿಲ್ಲದವರಿಗೆ ಹೇಳುತ್ತಾರೆ. ಗೊತ್ತಿದ್ದವರಿಗೆ ಇನ್ನೂ ವಿವರವಾಗಿ ಹೇಳುತ್ತಾರೆ.

ಅವರೂ ಅಂದು ಗೋಡೆಗೆ ಮುಖಮಾಡಿ ಹೊಸದೊಂದು ಇಟ್ಟುಕೊಂಡರು. ನಾಲ್ಕು ಪದದ್ದೇ ಎಂದು ಮೊಮ್ಮಗಳಿಗೆ ಆಣೆ ಮಾಡಿ ಹೇಳಿದ್ದಾರೆ. ಹೊಟ್ಟೆಯಲ್ಲಿ ಒಂದು ಮಾತು ನಿಲ್ಲದ ಮನುಷ್ಯ ಇದೊಂದನ್ನು ಹೇಗೆ ಇಟ್ಟುಕೊಂಡಿದ್ದಾರೋ ಎಂದು ಕೌಸಲ್ಯಮ್ಮನಿಗೇ ಆಶ್ಚರ್ಯ. ನನಗೂ ಹಾಗೇ ಇತ್ತು, ಹೋದ ಭಾನುವಾರದವರೆಗೆ. ಅಂದು ಬೆಳಿಗ್ಗೆ ನಾನು ಮಹಡಿಯ ಕಿಟಕಿಯಲ್ಲಿ ನಿಂತು ಹಲ್ಲುಜ್ಜುತ್ತಿದ್ದೆ. ಕೆಳಗೆ ಜಗಲಿಯಲ್ಲಿ ವೆಂಕಟೇಶಯ್ಯನವರು ಫೋನು ಹಿಡಿದು ಕೂತಿದ್ದರು. ವಾಲಗವಿರಲಿಲ್ಲ, ಬೀದಿ ನಿಶ್ಶಬ್ದವಾಗಿತ್ತು.

“ಎ ದೊಡ್ಡದು,” ಎಂದು ಒಂದು ಬೆರಳು ಒತ್ತಿದರು. “ಪಿ. ಇ. ಕೆ. ಎಸ್.”

ನಾನು ಕಿಟಕಿಯ ಬಾಗಿಲು ಎಳೆದುಕೊಂಡೆ. ಮುಚ್ಚುವಷ್ಟರಲ್ಲಿ ಸುತ್ತಿದ ಎ ಕೂಡ ಕೇಳಿಸಿತು, ಒಂದು ಕೇಳಿಸಿತು, ಸೊನ್ನೆ ಕೇಳಿಸಿತು. ಮುಂದಿನದು ಕೇಳಿಸಬೇಕಾಗಿರಲಿಲ್ಲ. ನೂರೆಂಟು ಹಾಗೇ ಇತ್ತು, ಮನೆದೇವರು ಮಾತ್ರ ಬದಲಾಗಿದ್ದರು. ಪಕ್ಕದ ಅಡುಗೆಮನೆಯ ಕಿಟಕಿಯೂ ಅದೇ ಹೊತ್ತಿಗೆ ಮೆಲ್ಲಗೆ ಮುಚ್ಚಿಕೊಂಡಿತು, ಅಲ್ಲಿ ಶಶಿರೇಖಾ ಇದ್ದಳು. ಅವಳು ನನಗೆ ಏನೂ ಹೇಳಲಿಲ್ಲ, ನಾನೂ ಅವಳಿಗೆ ಹೇಳಲಿಲ್ಲ. ಅಪೇಕ್ಷಾಗೆ ತಿಳಿದರೆ ಬದಲಾಯಿಸಿ ಎನ್ನುತ್ತಾಳೆ, ಅವಳು ಹಾಗೆ ಹೇಳುವುದೇ ಸರಿ. ನೀವು ಮಾತ್ರ ಯಾರಿಗೂ ಹೇಳಬೇಡಿ.